ಗುರ್ ಅನ್ನಬೇಕಿದ್ದ ಪೆಟ್ಟಿಗೆ

ತೊಂಬತ್ತರ ದಶಕದ ನಡುವೆ ನಾನು ಪಾಂಡವಪುರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಿಟಾರ್ ನುಡಿಸುವವರು ನಮ್ಮಲ್ಲಿರಲಿಲ್ಲ. ಕೀಬೋರ್ಡಿನ ಗಿಟಾರ್ ದನಿಯೋ, ಚಮಚದಲ್ಲಿ ಲೋಟ ತಟ್ಟಿದಂತೆ ಕೇಳುತ್ತಿತ್ತು. ನಾನು ರೇಡಿಯೊ ರಿಪೇರಿ ಕಲಿತದ್ದು ತಂಡ ನಡೆಸುವ ಮೇಷ್ಟ್ರಿಗೆ ಗೊತ್ತಿತ್ತು.

"ಸಿನ್ಮಾ ಹಾಡಿನ ಗಿಟಾರ್ ತರ ಗುರ್ ಅನ್ನಂಗೆ ಏನಾರ ಮಾಡ್ಲಾ. ಮುಂದ್ಲ ವಾರ ಕಿರಂಗೂರಲ್ಲಿ ಆರತಕ್ಷತೆ ಐತೆ" ಅಂದರು.

ಎರಡು ಟ್ರಾನ್ಸಿಸ್ಟರ್, ಒಂದಷ್ಟು ರೆಸಿಸ್ಟರ್, ಒಂಬತ್ತು ವೋಲ್ಟಿನ ಬ್ಯಾಟರಿ, ಮೇಲೊಂದು ಪ್ಲೈವುಡ್ ಪೆಟ್ಟಿಗೆ. ಕೀಬೋರ್ಡಿನ ದನಿ ಅದರೊಳಗೆ ಹಾದು ಹೋಗುವಾಗ ಒರಟಾಗಬೇಕು, ಅಷ್ಟೆ. ಅಷ್ಟಕ್ಕೆ ಐದು ದಿನ ಒದ್ದಾಡಿದೆ. ಮುಟ್ಟಿದರೆ ಕರಕರ, ಬಿಟ್ಟರೆ ಸದ್ದೇ ಇಲ್ಲ.

ಶ್ರೀರಂಗಪಟ್ಟಣದ ನಮ್ಮ ಮನೆಯ ಜಗುಲಿಯಲ್ಲೇ ಅಪ್ಪನ ಅಕ್ಕಸಾಲಿ ಕೆಲಸ. ಆರನೆಯ ದಿನ ಕನ್ನಡಕ ಏರಿಸಿ ನನ್ನ ಸರ್ಕ್ಯೂಟ್ ಬೋರ್ಡು ನೋಡಿದ.

"ಇದ್ಯಾವ ಬೆಸುಗೆಲಾ? ಸೀಸ ಉಂಡೆ ಕಟ್ಕೊಂಡು ಕೂತದೆ, ತಂತಿಗೆ ಅಂಟೇ ಇಲ್ಲ."

"ಇದು ಎಲೆಕ್ಟ್ರಾನಿಕ್ಸು. ನಿಂಗೊತ್ತಾಗಕಿಲ್ಲ ಬುಡಪ್ಪ."

"ಸೀಸ ಕಾಯಿಸ್ಬ್ಯಾಡ, ತಂತಿ ಕಾಯ್ಸು. ಸೀಸ ತಾನಾಗೇ ಕರಗಿ ಇಡ್ಕತದೆ."

ಮೈ ಉರಿಯಿತು. ಅಪ್ಪ ಊಟಕ್ಕೆ ಎದ್ದು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ಅವನು ಹೇಳಿದಂತೆಯೇ ಬೆಸೆದೆ. ಪೆಟ್ಟಿಗೆ ಗುರ್ ಅಂದಿತು. ಅದಕ್ಕೂ ಮೈ ಉರಿಯಿತು.

ಕಿರಂಗೂರಿನಲ್ಲಿ ಮೂರನೆಯ ಹಾಡಿಗೆ ಸ್ವಿಚ್ ಒತ್ತಿದೆ. ಸ್ಪೀಕರಿನಲ್ಲಿ ಒಬ್ಬ ಹೆಂಗಸು, ಎಮ್ಮೆಕರುಗಳಿಗೆ ಜಂತುಹುಳುವಿನ ಔಷಧಿ ಯಾವಾಗ ಕುಡಿಸಬೇಕೆಂದು ನಿಧಾನವಾಗಿ ವಿವರಿಸತೊಡಗಿದಳು. ನನ್ನ ಉದ್ದನೆಯ ತಂತಿಗಳು ಆಂಟೆನಾದಂತೆ ರೇಡಿಯೊ ಹಿಡಿದಿದ್ದವು. ಮರದ ಪೆಟ್ಟಿಗೆ ಅದನ್ನು ತಡೆಯುವುದಿಲ್ಲ. ಗಾಬರಿಯಲ್ಲಿ ಆಫ್ ಮಾಡಹೋದರೆ ಮುಂದಿನ ಸಾಲಿನ ರೈತರೊಬ್ಬರು ಕೈಯೆತ್ತಿದರು.

"ತಡಿಯಪ್ಪ. ಎಷ್ಟ್ ತಿಂಗ್ಳಿಗೆ ಅಂದ್ಳು?"

ಮದುಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮೇಷ್ಟ್ರು ನಗಲಿಲ್ಲ.

ಮಾರನೆಯ ದಿನವೇ ಸರ್ಕ್ಯೂಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಕೂರಿಸಿ, ಡಬ್ಬಿಗೆ ಅರ್ತ್ ಕೊಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪಾಂಡವಪುರಕ್ಕೆ ಒಯ್ದೆ. ರೇಡಿಯೊ ಬರಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಗುರುಗುಟ್ಟಿತು. ಮೇಷ್ಟ್ರು ತಲೆ ವಾಲಿಸಿ ಎರಡು ನಿಮಿಷ ಕೇಳಿದರು.

"ಸ್ಪೀಕರ್ ಒಡ್ದೋಗದೆ ಕಣ್ಲಾ" ಅಂದರು.

ನೀವು ಕೇಳಿದ್ದು ಇದನ್ನೇ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸ್ಕ್ರೂಡ್ರೈವರ್ ತಂದು, ಚೆನ್ನಾಗಿದ್ದ ಸ್ಪೀಕರನ್ನು ಬಿಚ್ಚುತ್ತಾ ಕೂತರು.