ಸದ್ದು ನಿಂತ ಮಧ್ಯಾಹ್ನ

ಅಥವಾ ಅವರೇ ಮೊದಲು ಎದ್ದು ನಿಂತರೋ ಏನೋ. ಇಷ್ಟು ದಿನ ನಾನು ನನಗೇ ಹೇಳಿಕೊಂಡು ಬಂದದ್ದು ಹೀಗೆ: ತಗಡಿನ ಮಾಡಿನ ಮೇಲೆ ಮಳೆಯ ಸದ್ದು ನಿಂತಿತು, "ನಿಂತಿತಲ್ಲ ಕಾಕ" ಎಂದೆ, ಆಮೇಲೆ ಅವರು ಎದ್ದರು. ಆದರೆ ಕೆಲವು ಸಲ ನೆನಪಿನಲ್ಲಿ ಅವರು ಆಗಲೇ ಬಾಗಿಲ ಹತ್ತಿರ ನಿಂತಿರುತ್ತಾರೆ, ನಾನು ಹೇಳುವುದು ಅವರ ಬೆನ್ನಿಗೆ. ಒಮ್ಮೊಮ್ಮೆ ತಲೆಗೆ ಉಣ್ಣೆಯ ಟೊಪ್ಪಿ ಇರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಟೊಪ್ಪಿಯ ವಿಷಯದಲ್ಲೇ ಮೋಸ ಮಾಡುವ ನೆನಪನ್ನು ಮಾತಿನ ವಿಷಯದಲ್ಲಿ ನಂಬುವುದು ಹೇಗೆ?

ಖಚಿತವಾಗಿ ಗೊತ್ತಿರುವುದನ್ನು ಬರೆಯುತ್ತೇನೆ. ಸೌದಿಯ ವಾಯವ್ಯ ಮೂಲೆಯಲ್ಲಿ, ಕೆಂಪು ಸಮುದ್ರದ ದಂಡೆಯ ಹಿಂದೆಯೇ ಎದ್ದು ನಿಂತ ಬೆಟ್ಟಸಾಲಿನಲ್ಲಿ ಒಂದು ಸ್ಕೀ ತಾಣ ಕಟ್ಟುತ್ತಿದ್ದರು. ನಾನು ಬೆಟ್ಟದ ನಡುಮಟ್ಟದ ಸೈಟ್ ಆಫೀಸಿನಲ್ಲಿದ್ದೆ. ಹೆಂಡತಿ, ಮಗಳು ಜಿದ್ದಾದ ಅಜೀಜಿಯಾದಲ್ಲಿ. ಹೊರದೇಶದ ಹವಾಮಾನ ಕಂಪನಿಯೊಂದು ದಿನಕ್ಕೆರಡು ಸಲ ಮುನ್ಸೂಚನೆ ಕಳಿಸುತ್ತಿತ್ತು. ಅದನ್ನು ಊಟದ ಕೋಣೆಯ ಹೊರಗಿನ ಬೋರ್ಡಿನಲ್ಲಿ ಬರೆಯುವುದು, ಚಾಲಕರಿಗೆ ಹಿಂದಿಯಲ್ಲಿ ಓದಿ ಹೇಳುವುದು ನನ್ನ ಕೆಲಸಗಳಲ್ಲೊಂದು. ಅದರಲ್ಲಿ ಮೂರು ಸಾಲು: ಬುಡ, ನಡು, ತುದಿ. ಒಂದೊಂದಕ್ಕೂ ಗಾಳಿ ಎಷ್ಟು, ಚಳಿ ಎಷ್ಟು, ಹಿಮ ಎಷ್ಟು ಸೆಂಟಿಮೀಟರ್. ಹಿಮವನ್ನೇ ಕಾಣದ ನಾನು ಹಿಮವನ್ನೇ ಕಾಣದವರಿಗೆ ಅದನ್ನು ಅಳೆದು ಹೇಳುತ್ತಿದ್ದೆ. ಆ ಚಳಿಗಾಲದಲ್ಲಿ ಆಗಲೇ ಮೂರು ಸಲ ನಡುಮಟ್ಟಕ್ಕೆ ಹಿಮ ಎಂದು ಬರೆದಿದ್ದೆ. ಮೂರು ಸಲವೂ ಬಿಸಿಲು ಕಾದಿತ್ತು.

ಮಿನಿಬಸ್ಸಿನ ಚಾಲಕರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಕಾಕ ಎನ್ನುತ್ತಿದ್ದೆ. ಅವರು, ನಮ್ಮೂರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ, ಪೊರ್ಬುಗಳೇ ಎನ್ನುತ್ತಿದ್ದರು. ಆಡುತ್ತಿದ್ದದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುವಾಗ ಎಷ್ಟು ಅವರದು, ಎಷ್ಟು ನನ್ನದು ಎಂದು ಹೇಳಲಾರೆ.

"ಪೊರ್ಬುಗಳೇ, ಇವತ್ತು ಎಷ್ಟು ಸೆಂಟಿಮೀಟರ್ ಬೀಳುವುದಿಲ್ಲ?" ಅವರು ಆ ಮಧ್ಯಾಹ್ನ ಕೇಳಿದ್ದು ಇದು.

"ತುದಿಯಲ್ಲಿ ಮೂವತ್ತು. ಇಲ್ಲಿ ಹನ್ನೆರಡು. ಮೂರು ಗಂಟೆ ಮೇಲೆ."

"ಮೊನ್ನೆ ಇಪ್ಪತ್ತು ಬೀಳಲಿಲ್ಲ, ಇವತ್ತು ಮೂವತ್ತು ಬೀಳುವುದಿಲ್ಲ. ಒಳ್ಳೆ ಪ್ರಗತಿ ಉಂಟು ಮಾರಾಯ್ರೆ."

ನಕ್ಕೆವು. ಆದರೂ ಏಳು ಮಂದಿ ಕೆಲಸದವರನ್ನು ಮೂರರೊಳಗೆ ಬುಡದ ಕ್ಯಾಂಪಿಗೆ ಮುಟ್ಟಿಸಬೇಕಿತ್ತು. ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಈ ದೇಶದಲ್ಲಿ ಮಳೆ ಬಂದರೆ ಎಲ್ಲರೂ ಹೆದರುವುದು ವಾದಿಗೆ. ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳ ಅರ್ಧ ಗಂಟೆಯ ಮಳೆಗೆ ಲಾರಿಯನ್ನೇ ಹೊತ್ತೊಯ್ಯುತ್ತದೆ. ಬುಡದ ದಾರಿ ಅಂಥದ್ದೊಂದು ವಾದಿಯನ್ನು ದಾಟುತ್ತಿತ್ತು. ಮಳೆ ಬಿಡುವವರೆಗೆ ಬಸ್ ಹೊರಡಕೂಡದು ಎಂಬುದು ನಿಯಮ. ಹಾಗಾಗಿ ಕಾಕ ನನ್ನ ಕ್ಯಾಬಿನ್ನಿಗೆ ಬಂದು ಕೂತರು.

ಗಾಳಿ ನುಗ್ಗದಂತೆ ಕಿಟಕಿಗೆ ರಟ್ಟು ಅಂಟಿಸಿದ್ದೆವು. ಅದನ್ನು ಕಿತ್ತು ಹೊರಗೆ ನೋಡಬೇಕೆಂದು ಇಬ್ಬರಿಗೂ ಅನಿಸಲಿಲ್ಲ. ಕರಾವಳಿಯವರು ಮಳೆಯನ್ನು ಕಿವಿಯಿಂದಲೇ ಅಳೆಯುವುದು. ತಗಡಿನ ಸದ್ದು ಜೋರಾದರೆ ಜೋರು, ಇಳಿದರೆ ಇಳಿಯಿತು, ನಿಂತರೆ ನಿಂತಿತು. ಜೂನ್ ತಿಂಗಳುಗಳಲ್ಲಿ ಕಲಿತ ಈ ಲೆಕ್ಕ ಅಲ್ಲಿಯವರೆಗೆ ತಪ್ಪಿರಲಿಲ್ಲ. ಮಳೆ ನಿಲ್ಲದೆಯೂ ಸದ್ದು ನಿಲ್ಲಬಹುದು, ಬೀಳುವುದು ಬೀಳುತ್ತಲೇ ಇದ್ದು ಮಾಡು ಸುಮ್ಮನಿರಬಹುದು ಎಂದು ನಮಗೆ ಯಾರು ಹೇಳಬೇಕಿತ್ತು? ನಾನೇ ಹೇಳಬೇಕಿತ್ತು. ಮುನ್ಸೂಚನೆಯ ಕಾಗದ ನನ್ನ ಮೇಜಿನ ಮೇಲೇ ಇತ್ತು.

ಎರಡೂಕಾಲಿನ ಸುಮಾರಿಗೆ ಸದ್ದು ನಿಂತಿತು. ಕಾಕ ಹೋದರು. ಹೊರಗೆ ಅವರಿಗೆ ಹಿಮ ಕಂಡಿರಲೇಬೇಕು. ಆದರೆ ಬಟ್ಟೆಯನ್ನೂ ಒದ್ದೆ ಮಾಡದ ಬಿಳಿ ಹುಡಿ. ವಾದಿಯ ನೀರಿಗೆ ಹೆದರಿ ಕೂತವರಿಗೆ ಅದು ಸಮಾಧಾನವಾಗಿಯೇ ಕಂಡಿರಬೇಕು. ಬಸ್ಸಿನೊಳಗೆ ಎಲ್ಲರೂ ನಗುತ್ತಿದ್ದರಂತೆ. ಆಮೇಲೆ ಅವರಲ್ಲೊಬ್ಬ ಹೇಳಿದ.

ನಾನು ಕೂತು ಒಂದು ಪತ್ರ ಟೈಪ್ ಮಾಡಿದೆ, ಹತ್ತು ನಿಮಿಷ. ಬಾಗಿಲು ತೆರೆದಾಗ ನೆಲವೆಲ್ಲ ಬೆಳ್ಳಗಾಗಿತ್ತು, ಬಸ್ ಇರಲಿಲ್ಲ. ಇದು ನಾನು ಎಲ್ಲರಿಗೂ ಹೇಳಿದ ಕ್ರಮ. ಫೋನ್ ತೆಗೆದು ಮಗಳಿಗೆಂದು ಒಂದು ಫೋಟೊ ತೆಗೆದೆ. ಇದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ವಾಕಿಟಾಕಿಯಲ್ಲಿ ಕರೆದೆ. ಉತ್ತರವಿಲ್ಲ. ಮೊಬೈಲಿಗೆ ಮಾಡಿದೆ. ಅರಬ್ಬಿಯಲ್ಲಿ ಒಬ್ಬಳು ಹೆಂಗಸು, ನೀವು ಕರೆದವರು ಸಿಗುತ್ತಿಲ್ಲ ಎಂದಳು. ಅವಳ ಧ್ವನಿ ಬಹಳ ಮೃದುವಾಗಿತ್ತು.

ಮುಂದಿನ ಎರಡೂವರೆ ಗಂಟೆಗೆ ನನ್ನಲ್ಲಿ ಸರಿಯಾದ ನೆನಪಿಲ್ಲ, ತುಂಡುಗಳಿವೆ. ಗಾಳಿಗೆ ಕ್ಯಾಬಿನ್ನಿನ ನೆಲ ಪಾದದ ಕೆಳಗೆ ನಡುಗಿತು. ರಸ್ತೆ ಎಲ್ಲಿ ಮುಗಿಯುತ್ತದೆ, ಪ್ರಪಾತ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದಂತೆ ಎರಡೂ ಒಂದೇ ಬಣ್ಣವಾದವು. ಬೆರಳಲ್ಲಿ ಜಪಸರ ಎಣಿಸಲು ಹೋದೆ, ಲೆಕ್ಕ ಮತ್ತೆ ಮತ್ತೆ ಹನ್ನೆರಡಕ್ಕೆ ನಿಲ್ಲುತ್ತಿತ್ತು. ಒಮ್ಮೆ ಎದ್ದು ಓಡಿದೆ. ಬೆಟ್ಟದ ಅಂಚಿಗಲ್ಲ, ಬೋರ್ಡಿನ ಹತ್ತಿರಕ್ಕೆ. ಹನ್ನೆರಡು ಎಂದು ನಾನು ಬರೆದದ್ದು ಅಳಿಸದೆ ಉಳಿದಿದೆಯೇ ಎಂದು ನೋಡಿದೆ. ಉಳಿದಿತ್ತು. ಎದೆ ಹಗುರವಾಯಿತು. ಎಂಟು ಜನರ ಜೀವಕ್ಕೆ ಹೆದರಿದ್ದೆನೋ, ಇಲ್ಲಿರಲು ಬೇಕಾದ ಪರವಾನಗಿ, ನನ್ನ ಇಕಾಮಾ, ರದ್ದಾಗಿ ವಿಮಾನ ಹತ್ತಬೇಕಾದೀತೆಂದು ಹೆದರಿದ್ದೆನೋ, ಆ ಹಗುರವನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಐದರ ಹೊತ್ತಿಗೆ ಬುಡದಿಂದ ಮಣ್ಣೆತ್ತುವ ಲೋಡರ್ ಹತ್ತಿ ಬಂತು. ಬಸ್ ನಾಲ್ಕನೇ ತಿರುವಿನಲ್ಲಿ ಬಂಡೆಗೆ ಒರಗಿ ಮಗುಚಿ ಬಿದ್ದಿತ್ತು. ಜಾರಿದ್ದು ಬಂಡೆಯ ಕಡೆಗೆ. ಇನ್ನೊಂದು ಕಡೆಗೆ ಜಾರಿದ್ದರೆ ಹುಡುಕುವುದಕ್ಕೂ ಏನೂ ಸಿಗುತ್ತಿರಲಿಲ್ಲ. ಎಂಟೂ ಮಂದಿ ಬದುಕಿದ್ದರು. ಕಾಕನ ಹೆಗಲ ಮೂಳೆ ಮುರಿದಿತ್ತು.

ಆಸ್ಪತ್ರೆಗೆ ಸುರಕ್ಷತಾ ಅಧಿಕಾರಿ ಬಂದು ವಿಚಾರಿಸಿದರು. ಭಾಷೆಗಾಗಿ ಜೊತೆಗೆ ನಿಂತಿದ್ದವನು ನಾನೇ. ಹೊರಡಲು ಯಾರು ಹೇಳಿದ್ದು ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಅದನ್ನು ಹಿಂದಿಗೆ ತಿರುಗಿಸಿದೆ.

"ಕೋಯಿ ನಹೀ ಬೋಲಾ. ಮೈ ಖುದ್ ಗಯಾ," ಎಂದರು ಕಾಕ, ಚಾವಣಿಯನ್ನು ನೋಡುತ್ತ. ಯಾರೂ ಹೇಳಲಿಲ್ಲ, ತಾನೇ ಹೋದೆ ಎಂದು. ಅದನ್ನು ಇಂಗ್ಲಿಷಿಗೆ ತಿರುಗಿಸಿದವನೂ ನಾನೇ. ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಆ ತಿಂಗಳೇ ಅವರನ್ನು ಕೆಲಸದಿಂದ ಬಿಡಿಸಿ ಊರಿಗೆ ಕಳಿಸಿದರು.

ಫೋಟೊವನ್ನು ಮಗಳಿಗೆ ಆ ದಿನವೇ ಕಳಿಸಿದ್ದೆ. ಸರಿಯಾಗಿ ನೋಡಿದ್ದು ವಾರಗಳ ನಂತರ. ಬಿಳಿ ಅಂಗಳ, ಗೇಟಿನ ಕಂಬ, ಅದರಾಚೆ ಒಂದು ಕೆಂಪು ಚುಕ್ಕೆ. ಬೆಂಕಿ ನಂದಿಸುವ ಸಾಮಾನಿನ ಪೆಟ್ಟಿಗೆ ಅಲ್ಲೇ ಎಲ್ಲೋ ಇತ್ತು. ಬಸ್ಸಿನ ಹಿಂದಿನ ದೀಪವೂ ಕೆಂಪೇ. ದೊಡ್ಡದು ಮಾಡಿದರೆ ಚುಕ್ಕೆ ಒಡೆದು ಚೌಕಗಳಾಗುತ್ತದೆ. ಪತ್ರ ಟೈಪ್ ಮಾಡಿದ ಹತ್ತು ನಿಮಿಷ ನಿಜವಾದರೆ ಅದು ಪೆಟ್ಟಿಗೆ. ದೀಪವಾದರೆ ನಾನು ಕಾಕನ ಬೆನ್ನಿಗೇ ಹೊರಬಂದಿದ್ದೆ, ಹಿಮವನ್ನೂ ಬಸ್ಸನ್ನೂ ಒಟ್ಟಿಗೆ ಕಂಡಿದ್ದೆ, ಕೂಗುವ ಬದಲು ಫೋನ್ ಎತ್ತಿದ್ದೆ.

ಕಳೆದ ತಿಂಗಳು ಧೈರ್ಯ ಮಾಡಿ ಊರಿಗೆ ಫೋನ್ ಮಾಡಿದೆ.

"ಕಾಕ, ಒಂದು ಕೇಳಲಿಕ್ಕುಂಟು. ನೀವು ಗೇಟು ದಾಟುವಾಗ ನಾನು ಹೊರಗೆ ಇದ್ದೆನಾ?"

"ಎಂತಕ್ಕೆ ಮಾರಾಯ್ರೆ ಈಗ ಅದೆಲ್ಲ? ಹೆಗಲು ಸರಿಯಾಗಿದೆ, ಮೀನಿನ ಟೆಂಪೊ ಬಿಡ್ತಾ ಇದ್ದೇನೆ," ಎಂದರು. ಆಮೇಲೆ, "ಫೋಟೊ ಕಂಡು ಮಗಳಿಗೆ ಖುಷಿ ಆಯ್ತಾ?" ಎಂದು ಕೇಳಿದರು.

ಆಯ್ತು ಎಂದೆ. ಫೋಟೊದ ವಿಷಯ ಅವರಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಮಗಳು ಹಿಮದ ಫೋಟೊ ಕೇಳುತ್ತಿದ್ದಾಳೆಂದು ಹಿಂದೆ ಯಾವಾಗಲೋ ಅವರಿಗೆ ನಾನೇ ಹೇಳಿದ್ದಿರಬಹುದು. ಇಲ್ಲವೇ ಆ ದಿನ ಬಸ್ಸಿನ ಕನ್ನಡಿಯಲ್ಲಿ ಅವರು ನನ್ನನ್ನು ಕಂಡಿರಬಹುದು. ಯಾವುದೆಂದು ನನಗೆ ಗೊತ್ತಿಲ್ಲ.