ಟವೆಲ್ಲೋ, ಪೂರಾ ಆಯೇರಿಯೋ?

1974ರಲ್ಲಿ, ಏಳನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದೆ. ಹಾಗಾಗಿ ಇಂಗ್ಲಿಷ್ ಸಿನಿಮಾ ನನಗೆ ತಿಳಿಯುವುದಿಲ್ಲ. ಬಾಗಲಕೋಟೆಯಲ್ಲಿ ಕಾಲೇಜು ಓದುವ ಮಗಳು ಕಳೆದ ತಿಂಗಳು ಇಳಕಲ್ಲಿಗೆ ಒಂದು ಸೀಡಿ ತಂದು, ಮನೆಮಂದಿಯನ್ನೆಲ್ಲ ಟೀವಿ ಮುಂದೆ ಕೂರಿಸಿ, ನಡುನಡುವೆ ಕಥೆ ಬಿಡಿಸಿ ಹೇಳಿದಳು.

ಒಬ್ಬ ಮುದುಕ. ಹೆಂಡತಿ ಸತ್ತ ಮೇಲೆ ಮಕ್ಕಳನ್ನು ಕರೆದು, ತನ್ನ ಮನಸ್ಸು ಮೊದಲಿನಿಂದಲೂ ಗಂಡಸರ ಕಡೆಗೇ ಇತ್ತು ಅನ್ನುತ್ತಾನೆ. ಮಕ್ಕಳು ಸಿಟ್ಟಾಗುತ್ತಾರೆ, ಕೊನೆಗೆ ತಬ್ಬಿಕೊಳ್ಳುತ್ತಾರೆ. ನನ್ನ ಹೆಂಡತಿ ಸೆರಗು ತೊಯ್ಯುವಷ್ಟು ಅತ್ತಳು. ಅಕ್ಕ ಮೂಗೊರೆಸಿಕೊಂಡು, "ಪಾಪ, ಇಷ್ಟ ವರ್ಷ ಎಲ್ಲಾ ಒಬ್ಬನೇ ನುಂಗಿಕೊಂಡಿದ್ದ ನೋಡ" ಅಂದಳು.

ಎಂಥ ಕರುಣೆ!

ಈಗ ನಮ್ಮ ಅಣ್ಣನ ವಿಷಯ. ಅರವತ್ತು ದಾಟಿದ ನಿವೃತ್ತ ಬಸ್ ಕಂಡಕ್ಟರ್. ಮದುವೆಯಾಗಲಿಲ್ಲ. ಬಾದಾಮಿಯಲ್ಲಿ ಗಡಿಯಾರ ರಿಪೇರಿ ಮಾಡುವ ಶಂಕ್ರಪ್ಪನ ಜೊತೆ ಒಂದೇ ಮನೆ, ಒಂದೇ ಒಲೆ, ಎಷ್ಟೋ ವರ್ಷಗಳಿಂದ. ಯಾರಾದರೂ ಕೇಳಿದರೆ 'ದೋಸ್ತರು' ಅಂದು ಮುಗಿಸುತ್ತಿದ್ದೆವು. ಈಚೆಗೆ ಶಂಕ್ರಪ್ಪ ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆವು. ಕೆಲ ದಿನ ಬಿಟ್ಟು ಅಣ್ಣ ಫೋನ್ ಮಾಡಿದ.

"ತಮ್ಮಾ, ದಿವಸಕ್ಕ ನನಗ ಆಯೇರಿ ತರ್ತೀಯೇನು?"

(ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ದಿವಸದ ದಿನ, ಅಂದರೆ ಸತ್ತವರ ತಿಥಿಯಂದು, ಒಡಹುಟ್ಟಿದವರು ಹೊಸ ಬಟ್ಟೆ ಉಡಿಸಿ ದುಃಖ ಬಿಡಿಸುವುದು ನಮ್ಮಲ್ಲಿ ಪದ್ಧತಿ. ಅವರಿಗೆ ಪೂರಾ ಬಟ್ಟೆ. ದೋಸ್ತರಿಗೆ, ನೆರೆಯವರಿಗೆ ಒಂದು ಟವೆಲ್.)

"ನಿನಗ್ಯಾಕೋ ಅಣ್ಣಾ?"

"ನನ್ನ ಜೋಡಿ ಹೋತಲ್ಲೋ. ಇಷ್ಟ ದಿನ ಬಾಯಿ ಬಿಡಲಿಲ್ಲ. ಈಗ ಹೇಳಾಕತ್ತೇನಿ. ಟವೆಲ್ ತರೋದಿದ್ರ ಬರಬ್ಯಾಡ."

ಮನೆಯಲ್ಲಿ ಹೇಳಿದೆ. ಅಕ್ಕ ಹಣೆ ಹಣೆ ಬಡಿದುಕೊಂಡಳು. "ಈ ವಯಸ್ಸಿನ್ಯಾಗ ಅವಂಗೇನ ಬ್ಯಾನಿ ಬಂತು? ಬನಶಂಕರಿಗೆ ಹರಕಿ ಹೊರೂಣು."

ಹೆಂಡತಿಯದು ಭಾರಿ ಬುದ್ಧಿವಂತಿಕೆ. "ಛಲೋ ರೇಷ್ಮಿ ಅಂಚಿನ ಟವೆಲ್ ಒಯ್ರಿ. ಭಾವನೋರ ಮಾತೂ ನಡೀತದ, ಮರ್ಯಾದಿನೂ ಉಳೀತದ."

"ಸಿನಿಮಾ ನೋಡಿ ಅತ್ತವಳು ನೀನ ಅಲ್ಲೇನ?"

"ಅದು ಸಿನಿಮಾರಿ! ಅವರೇನ ನಮ್ಮ ಬೀಗರಾ?"

ಇದಕ್ಕೇನು ಹೇಳುತ್ತೀರಿ? ಪರದೇಶದ ಮುದುಕನಿಗೆ ಒಂದು ಸೆರಗು ಕಣ್ಣೀರು, ಸ್ವಂತ ಮೈದುನನಿಗೆ... ಅಲ್ಲ, ಭಾವನಿಗೆ (ಸಿಟ್ಟಿನಲ್ಲಿ ನಂಟೂ ತಪ್ಪುತ್ತದೆ) ಒಂದು ಟವೆಲ್!

ಧೋತರ, ಅಂಗಿ, ರುಮಾಲು ಕಟ್ಟಿಕೊಂಡು ಒಬ್ಬನೇ ಬಾದಾಮಿ ಬಸ್ ಹತ್ತಿದೆ. ಅಲ್ಲಿ ಶಂಕ್ರಪ್ಪನ ಅಕ್ಕತಂಗಿಯರು, ಅವರ ಮಕ್ಕಳಾದ ಅಳಿಯಂದಿರು ಫೋಟೋದ ಮುಂದೆ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಅಣ್ಣ ಹೊರಗೆ, ಅಡುಗೆಯವರ ಪಕ್ಕ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಯಾರೂ ಒಳಗೆ ಕರೆದಿರಲಿಲ್ಲ. ಕೈಹಿಡಿದು ಎಬ್ಬಿಸಿಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದೆ. ಗಂಟು ಬಿಚ್ಚಿದ್ದೇ ತಡ, ಹಿರಿಯ ಅಳಿಯ ಹತ್ತಿರ ಬಂದ.

"ಕಾಕಾ, ದೋಸ್ತರಿಗೆ ಟವೆಲ್ ಸಾಕಲ್ರಿ?"

"ದೋಸ್ತ ಅಲ್ಲಪಾ. ನಿಮ್ಮ ಮಾವನ ಮನಿಯವ."

ಒಳಗೆ ಯಾರೋ ಕೆಮ್ಮಿದರು. ಉಳಿದವರು ಎಲೆ ಹಾಕುವ ನೆವದಲ್ಲಿ ಎದ್ದು ಹೋದರು. ನಾನು ಅಂಗಿ ತೊಡಿಸಿದೆ. ತೋಳು ಉದ್ದವಾಗಿತ್ತು. ಅಣ್ಣ ಆ ತೋಳಿನಲ್ಲೇ ಮುಖ ಮುಚ್ಚಿಕೊಂಡು ಅತ್ತ. ಮಣ್ಣಿನ ದಿನ ಅವನಿಗೆ ಅಳುವುದಕ್ಕೂ ಜಾಗ ಸಿಕ್ಕಿರಲಿಲ್ಲ ಅನ್ನುವುದು ಆಗ ಹೊಳೆಯಿತು.

ಸುದ್ದಿ ನನಗಿಂತ ಮೊದಲೇ ಇಳಕಲ್ ಮುಟ್ಟಿತ್ತು. ಅಕ್ಕ ಮಾತು ಬಿಟ್ಟಿದ್ದಾಳೆ. ಹೆಂಡತಿ ಅನ್ನ ಬಡಿಸುವಾಗಲೆಲ್ಲ ಅದೇ ರಾಗ: "ಸಾವ್ಕಾರ್ರಿಗೆ ಗೊತ್ತಾದ್ರ ನಮ್ಮ ಸೀರಿ ಯಾರ ತೊಗೋತಾರ? ಮಗ್ಗ ನಿಂತ್ರ ಏನ ಮಾಡ್ತೀರಿ?"

ನಿಲ್ಲಲಿ. ಮಗ್ಗ ಎಂಟಿವೆ. ಅಣ್ಣ ಒಬ್ಬನೇ.