ಮನೆ ಒರೆಸಲು ಕಲಿಸಿದ ಮೌಶಿ

ಮೌಶಿಯ ನೈಟಿಯ ಕೊರಳಪಟ್ಟಿಗೆ ಯಾವಾಗಲೂ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತಿದ್ದವು. ನೀಲಿ, ಕೆಂಪು, ಬಿಸಿಲಿಗೆ ಬಣ್ಣ ಹಾರಿದ ಹಸಿರು. ಲಿಫ್ಟಿನಲ್ಲಿ ಇಳಿದು ತರಕಾರಿ ಅಂಗಡಿಗೆ ಹೋದಾಗಲೂ ಅವು ಅಲ್ಲೇ ಇರುತ್ತಿದ್ದವು. ಅಂಗಡಿಯ ತಮಿಳು ಹೆಂಗಸು ಬೆರಳು ತೋರಿಸಿ ನಕ್ಕಾಗಲೇ ಅವರಿಗೆ ನೆನಪಾಗುತ್ತಿದ್ದುದು. "ಇರ್ಲಿ ಬಿಡು, ಬಂಗಾರದ ಸರ ಹಾಕ್ಕೊಂಡ್ರ ಕಳ್ಳರ ಕಾಟ" ಎಂದು ನನ್ನ ಕಡೆ ತಿರುಗಿ ಹೇಳಿ, ಒಂದನ್ನೂ ತೆಗೆಯದೆ ಬದನೆಕಾಯಿ ಆರಿಸಲು ತೊಡಗುತ್ತಿದ್ದರು.

ಅವರು ನನಗೆ ನೆಂಟರಲ್ಲ. ಬ್ರಿಕ್‌ಫೀಲ್ಡ್ಸ್‌ ಬಡಾವಣೆಯ ಹಳೆಯ ಅಪಾರ್ಟ್‌ಮೆಂಟಿನಲ್ಲಿ ನನ್ನ ಬಾಗಿಲಿಗೆ ಎದುರು ಬಾಗಿಲು ಅವರದು. ಹುಬ್ಬಳ್ಳಿಯವರು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಈ ದೇಶಕ್ಕೆ ಬಂದವರು. ಗಂಡ ಕ್ಲಾಂಗ್ ಬಂದರಿನಲ್ಲಿ ಹಡಗಿನ ಸರಕು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ಆಮೇಲೆ ಅವರ ಶ್ವಾಸಕೋಶ ಕೆಟ್ಟಿತು, ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಇಬ್ಬರೂ ಇಲ್ಲಿಗೆ ಬಂದರು. ಮೈಸೂರಿನ ನಾನು ಮೊದಲ ದಿನ ರೂಢಿಯಂತೆ 'ಆಂಟಿ' ಎಂದೆ. "ಈ ಊರಾಗ ಆಂಟಿ ಅಂದ್ರ ಬಸ್ಸಿನ್ಯಾಗಿನ ಹೆಂಗಸರೆಲ್ಲಾ ತಿರುಗಿ ನೋಡ್ತಾರ. ನಮ್ಮ ಕಡೆ ಚಿಕ್ಕಮ್ಮಗ ಅನ್ನೂ ಹಂಗ ಮೌಶಿ ಅನ್ನು" ಎಂದರು. ಅಂದಿನಿಂದ ಅವರು ಮೌಶಿ, ಅವರ ಯಜಮಾನರು ಕಾಕಾ, ನಾನು ತಮ್ಮ.

ಆಗ ನಾನು ಒಂಟಿಯಾಗಿದ್ದೆ. ಹೆಂಡತಿಯೂ ನಾನೂ ಬೇರೆಯಾಗಿ, ಅವಳು ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿಯಾಗಿತ್ತು. ನಾನು ಸಾಫ್ಟ್‌ವೇರ್ ಕೆಲಸದ ನೆಪದಲ್ಲಿ ಇಲ್ಲೇ ಉಳಿದೆ. ಬೆಳಿಗ್ಗೆ ಕಚೇರಿ, ಸಂಜೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡ ರೊಟ್ಟಿ, ಟಿವಿಯ ಮುಂದೆ ಊಟ. ಖಾಲಿ ಡಬ್ಬಿಗಳು ಅಡುಗೆಮನೆಯ ಕಟ್ಟೆಯ ಮೇಲೆ ಒಂದರ ಮೇಲೊಂದು ಏರುತ್ತಿದ್ದವು. ಈ ಊರಿನ ಸೆಕೆಗೂ ತೇವಕ್ಕೂ ಮನೆ ಮುಚ್ಚಿಟ್ಟರೆ ಗೋಡೆ ಬೂಸ್ಟು ಹಿಡಿಯುತ್ತದೆ. ನನ್ನ ಮನೆಯ ಗೋಡೆಯೂ ಹಿಡಿಯಿತು, ನಾನು ನೋಡಲಿಲ್ಲ. ನೋಡಿದವಳು ನನ್ನ ಹೆಂಡತಿ, ಫೋನಿನ ಪರದೆಯಲ್ಲಿ.

ಶಾಲೆಯ ರಜೆಗೆ ಮಗಳನ್ನು ನನ್ನ ಹತ್ತಿರ ಕಳಿಸುವ ಮಾತಾಗಿತ್ತು. ಅದನ್ನೇ ಮಾತಾಡುತ್ತಿರುವಾಗ ಅವಳು ತಟ್ಟನೆ ನಿಲ್ಲಿಸಿದಳು. "ನಿಮ್ಮ ಹಿಂದೆ ಗೋಡೆ ಮೇಲೆ ಅದೇನದು ಕಪ್ಪಗೆ? ಫಂಗಸ್ಸಾ?" ಜಗಳದ ದನಿಯಾಗಿರಲಿಲ್ಲ. "ಇಂಥ ಮನೇಲಿ ಅವಳನ್ನ ಹೇಗ್ ಬಿಡ್ಲಿ, ನೀವೇ ಹೇಳಿ."

ಮರುದಿನ ರಜೆ ಹಾಕಿ ಅಂಗಡಿಗೆ ಹೋದೆ. ಕಪಾಟಿನಲ್ಲಿ ಕಂಡ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದು, ಒಂದೇ ದಿನದಲ್ಲಿ ಮನೆಯನ್ನು ಹೊಸದು ಮಾಡುವ ಹಟದಲ್ಲಿ ಬಚ್ಚಲಿನಿಂದ ಶುರು ಮಾಡಿದೆ. ಕಮೋಡಿಗೆ ಆ್ಯಸಿಡ್ ಇರುವ ಕ್ಲೀನರ್ ಸುರಿದೆ. ಕಲೆ ಹೋಗಲಿಲ್ಲವೆಂದು ಅದರ ಮೇಲೇ ಬ್ಲೀಚ್ ಸುರಿದೆ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಮೂಗಿನೊಳಗೆ ಯಾರೋ ಸೂಜಿ ತೂರಿಸಿದಂತಾಯಿತು. ಕಣ್ಣು ಉರಿದು ನೀರು ಸುರಿಯಿತು, ಎದೆ ಬಿಗಿಯಿತು. ಹೇಗೆ ಮುಂಬಾಗಿಲು ತಲುಪಿದೆನೋ, ಕಾರಿಡಾರಿನಲ್ಲಿ ಮಂಡಿಯೂರಿ ಕೆಮ್ಮುತ್ತಿದ್ದೆ.

ಬಟ್ಟೆ ಹರವುತ್ತಿದ್ದ ಮೌಶಿ ಒಂದು ಸಲ ಗಾಳಿ ಮೂಸಿದರು, ಅಷ್ಟೇ. ಮೊದಲು ನನ್ನ ಹತ್ತಿರ ಬರಲಿಲ್ಲ. ಒದ್ದೆ ಟವಲೊಂದನ್ನು ಎಳೆದು ತಮ್ಮ ಬಾಗಿಲಿನ ಕೆಳಗಿನ ಸಂದಿಗೆ ತುರುಕಿದರು. ಆಮೇಲೆ ನನ್ನ ತೋಳು ಹಿಡಿದು ಮೆಟ್ಟಿಲ ಬಳಿಯ ದೊಡ್ಡ ಕಿಟಕಿಗೆ ಎಳೆದುಕೊಂಡು ಹೋದರು.

"ಏನ್ ಕಲಸಿದಿ? ಬ್ಲೀಚ್ ಜೋಡಿ ಏನ್ ಹಾಕಿದಿ, ಹೇಳು!"

ಹೇಳಿದೆ.

"ಸಾಯಾಕ ಇದರಕಿಂತ ಸಲೀಸ್ ದಾರಿ ಅದಾವೋ ಹುಚ್ಚಪ್ಪ. ಒಳಗ ಹೋಗಬ್ಯಾಡ. ಕಿಟಕಿ ತೆರದದ್ದೈತಿಲ್ಲೋ? ಸಾಕು. ಗಾಳಿ ತಾನ ಹೊರಗ ಹಾಕತೈತಿ."

ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ ಬಿಎಸ್ಸಿ ಮಾಡಿದ್ದು ಅವರು ಅಂದೇ ಹೇಳಿದ್ದು. "ಎಲ್ಲಾ ಬಿಟ್ಟು ಅದು ಕೆಲಸಕ್ಕ ಬಂದದ್ದು ಸಂಡಾಸದಾಗ" ಎಂದು ನಕ್ಕರು. ನನ್ನ ಕೆಮ್ಮು ನಿಲ್ಲುವವರೆಗೂ ಎದ್ದು ಹೋಗಲಿಲ್ಲ. ಮನೆಯನ್ನು ಇಷ್ಟು ಅವಸರದಲ್ಲಿ ತೊಳೆಯುವುದೇಕೆಂದು ಕೇಳಿದರು. ಮಗಳ ವಿಷಯ ಹೇಳಿದೆ. ಈ ದೇಶದಲ್ಲಿ ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮರುದಿನ ಸಂಜೆ ಎರಡು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಬಂದರು. ನನ್ನ ಬಾಟಲಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದರ ಹಿಂದಿನ ಚೀಟಿ ಓದಿದರು. ಅರ್ಧದಷ್ಟನ್ನು ಕಟ್ಟಡ ಗುಡಿಸುವ ಹೆಂಗಸಿಗೆ, ಯಾವುದನ್ನು ಯಾವುದರ ಜೊತೆ ಬೆರೆಸಬಾರದೆಂದು ತಿಳಿಸಿ ಕೊಡಿಸಿದರು. "ಒಂದ ಕೆಲಸಕ್ಕ ಆರು ಹೆಸರಿಟ್ಟು ಮಾರ್ತಾರ. ಪಾತ್ರಿ ಸೋಪು, ಅಡುಗಿ ಸೋಡಾ, ವಿನೆಗರ್, ಒಂದು ಬ್ಲೀಚು, ಒಂದು ಸಂಡಾಸಿಂದು. ಮುಗೀತು." ಬ್ಲೀಚು ಒಂದು ಬುಟ್ಟಿಗೆ ಹೋಯಿತು, ಬಾಲ್ಕನಿಯ ಕಪಾಟಿನ ಮೇಲಿನ ಅಟ್ಟಕ್ಕೆ. ಸಂಡಾಸಿನದೂ ವಿನೆಗರೂ ಇನ್ನೊಂದಕ್ಕೆ, ಮನೆಯ ಆಚೆ ತುದಿಗೆ. "ಇವು ಒಬ್ಬರ ಮಾರಿ ಒಬ್ಬರು ನೋಡಬಾರದು." ಮುಂದೆ ನನ್ನ ಹಳೆಯ ಟೀ ಶರ್ಟುಗಳನ್ನು ಕತ್ತರಿಸಿ ಅರಿವೆ ಮಾಡಿದರು. ಮೂಲೆ ಕತ್ತರಿಸಿದ್ದು ಸಂಡಾಸಿಗೆ, ಮೂಲೆ ಇದ್ದದ್ದು ಅಡುಗೆಮನೆಗೆ. ಕತ್ತಲಲ್ಲಿ ಕೈಗೆ ಸಿಕ್ಕರೂ ಬೆರಳಿಗೆ ಗೊತ್ತಾಗಬೇಕು ಎಂಬುದು ಅವರ ಲೆಕ್ಕ. ಬಕೆಟ್ಟನ್ನು ಬೋರಲು ಹಾಕಬೇಕು, ಮಾಪನ್ನು ಬಿಸಿಲಿಗೆ ನೇತುಹಾಕಬೇಕು. "ಒದ್ದಿ ಅರಿವಿಲೆ ಒರಸಿದ್ರ ಸ್ವಚ್ಛ ಆಗತೈತಿ, ಒದ್ದಿ ಅರಿವಿ ಮಡಚಿ ಇಟ್ರ ಮನೀ ನಾರತೈತಿ."

ಯಾವ ದಿನ ಏನು ಮಾಡಬೇಕೆಂದು ಫೋನಿನಲ್ಲಿ ಬರೆದುಕೊಳ್ಳಲು ಹೋದೆ. ಬೇಡವೆಂದರು.

"ನೀ ಹೆಂಗೂ ಮಾಡೂ ಕೆಲಸದ ಬಾಲಕ್ಕ ಇದನ್ನ ಕಟ್ಟು. ಕುಕ್ಕರಿಗೆ ಅನ್ನಕ್ಕ ಇಟ್ಟಿ? ಅದು ಆಗೂತನಕ ಸಿಂಕ್ ತಿಕ್ಕು. ಜಳಕ ಆತು? ಗ್ವಾಡಿ ಇನ್ನ ಒದ್ದಿ ಇರ್ತೈತಿ, ಅಲ್ಲೇ ಒರಸಿ ಬಾ. ಮಗಳ ಫೋನು ಬರೂಕಿಂತ ಮೊದಲ ಅಕಿಗೆ ಕಾಣೂ ಗ್ವಾಡಿ ನೋಡ್ಕೋ. ಶನಿವಾರ ಫ್ಯಾನು, ಕಪಾಟು, ಆಮ್ಯಾಲೆ ನೆಲ. ಮ್ಯಾಲಿಂದ ಕೆಳಗ ಬಾ. ಒಂದ ದಿನದಾಗ ಎಲ್ಲಾ ತೊಳಿತೀನಿ ಅನ್ನಾಂವ ಮರುದಿನದಿಂದ ಏನೂ ಮಾಡಂಗಿಲ್ಲ."

ಅವರ ಮನೆಗೆ ಹೋಗಿಬರುವುದು ಶುರುವಾದದ್ದು ಆಮೇಲೆ. ಕಾಕಾ ಕಿಟಕಿಯ ಬಳಿಯ ಕುರ್ಚಿಯಲ್ಲಿ, ಮೂಗಿಗೆ ಸಣ್ಣ ನಳಿಗೆ ಹಾಕಿಕೊಂಡು ಕೂತಿರುತ್ತಿದ್ದರು. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಆ ಮನೆಯಲ್ಲಿ ಪೊರಕೆ ಇರಲಿಲ್ಲ. ಗುಡಿಸಿದರೆ ಧೂಳು ಏಳುತ್ತದೆ. ಊದಿನಕಡ್ಡಿ ಇರಲಿಲ್ಲ, ದಪ್ಪ ಪರದೆ ಇರಲಿಲ್ಲ, ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಕಡಲಾಚೆಯ ದ್ವೀಪಗಳ ಕಾಡಿನ ಬೆಂಕಿಯ ಹೊಗೆ ಬಂದು ಊರನ್ನು ಕವಿಯುವ ತಿಂಗಳುಗಳಲ್ಲಿ ಮೌಶಿ ಕಿಟಕಿಯ ಸಂದಿಗಳಿಗೆಲ್ಲ ಒದ್ದೆ ಅರಿವೆ ತುರುಕಿ, ಅವು ಒಣಗಿದಂತೆಲ್ಲ ಮತ್ತೆ ತೋಯಿಸುತ್ತ ಮನೆ ಸುತ್ತುತ್ತಿದ್ದರು. ಕಾಕಾಗೆ ಒಂದು ವಾಕ್ಯ ಮುಗಿಸಲು ಮೂರು ಉಸಿರು ಬೇಕು. "ಇಕಿ... ನನ್ನೂ... ಒರಸಿ ಇಡ್ತಾಳ" ಎಂದು ಒಂದು ದಿನ ಹೇಳಿ, ನಗಲು ಹೋಗಿ ಕೆಮ್ಮಿದರು. ಮೌಶಿ ನಗಲಿಲ್ಲ.

ಅವತ್ತು ಕಾಕಾ ನಿದ್ದೆ ಹೋದ ಮೇಲೆ ನನ್ನನ್ನು ಬಾಗಿಲವರೆಗೆ ಬಿಡಲು ಬಂದವರು ಸುಮ್ಮನೆ ಹೇಳಿದರು: "ನಾ ಮೂಲತಃ ಸ್ವಚ್ಛದಾಕಿ ಅಲ್ಲೋ ತಮ್ಮಾ. ನಮ್ಮವ್ವ ನನ್ನ ಮೈಗಳ್ಳಿ ಅಂತಿದ್ಲು. ಡಾಕ್ಟರ್ ಮಾಡೂದು ಡಾಕ್ಟರ್ ಮಾಡ್ತಾರ. ನನ್ನ ಕೈಯಾಗ ಇರೂದು ಈ ಧೂಳ ಅಷ್ಟ."

ರಜೆಗೆ ಮಗಳು ಬಂದಳು. ವಿಮಾನ ನಿಲ್ದಾಣದಿಂದ ಮನೆಗೆ ಬಂದವಳೇ ಗೋಡೆಯನ್ನು ನೋಡಿದಳು, ಅಮ್ಮನಿಗೆ ಫೋಟೋ ಕಳಿಸಿದಳು. ನಾನು ಅಡುಗೆಮನೆಯಲ್ಲಿ ನಿಂತು ಕಾದೆ. ಅತ್ತಲಿಂದ 'ಸರಿ' ಎಂದಷ್ಟೇ ಬಂತು. ನಾನು ಕಚೇರಿಗೆ ಹೋದ ಹೊತ್ತಿನಲ್ಲಿ ಅವಳು ಮೌಶಿಯ ಮನೆಯಲ್ಲಿರುತ್ತಿದ್ದಳು. ಅವರು ಹುಬ್ಬಳ್ಳಿಯ ಕನ್ನಡದಲ್ಲಿ ಕೇಳುತ್ತಿದ್ದರು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಮಾತು ಎಲ್ಲೂ ನಿಲ್ಲುತ್ತಿರಲಿಲ್ಲ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ ಎಂಬ ವಿದ್ಯೆಯನ್ನು ಕಲಿತು ಬಂದು, ಸ್ಟೂಲು ಹತ್ತಿ ನನ್ನ ಮನೆಯ ಫ್ಯಾನುಗಳನ್ನೆಲ್ಲ ಮುಗಿಸಿದಳು. ಹಿಂದಿರುಗುವ ದಿನ, "ಅಪ್ಪಾ, ಮುಂದಿನ ರಜಾಗೂ ಬರ್ತೀನಿ, ಓಕೆ?" ಎಂದಳು. ಬರುತ್ತಲೂ ಇದ್ದಾಳೆ. ಪ್ರತಿ ಸಲವೂ ಅವಳ ಸೂಟ್‌ಕೇಸ್ ಬಾಗಿಲು ದಾಟಿ ಒಳಗೆ ಉರುಳುವಾಗ ನಾನು ಮೌಶಿಗೆ ಋಣಿ ಎಂದುಕೊಳ್ಳುತ್ತೇನೆ.

ಅವಳು ಮೊದಲ ಸಲ ಬಂದುಹೋದ ಮರುವರ್ಷ ಕಾಕಾ ತೀರಿಕೊಂಡರು. ಬಸ್ಸಿನಲ್ಲಿ ಎರಡು ಗಂಟೆ ದೂರದ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಅವರ ಮಗಳು ಬಂದು, ತಂದೆಯ ಅಂತ್ಯಕ್ರಿಯೆಯನ್ನು ತಾನೇ ಮಾಡುತ್ತೇನೆಂದು ಸ್ಮಶಾನಕ್ಕೆ ಹೊರಟಳು. ನಾನೂ ಚಪ್ಪಲಿ ಮೆಟ್ಟಿದೆ. ಹೆಣ ಹೋದ ಮೇಲೆ ಮನೆ ತೊಳೆಯಬೇಕಲ್ಲ, ಯಾರು ತೊಳೆಯುತ್ತಾರೆ ಎಂದು ತಿರುಗಿ ನೋಡಿದರೆ, ಮೌಶಿ ಕಾಕಾರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಏಳುವಂತೆ ಕಾಣಲಿಲ್ಲ. ಚಪ್ಪಲಿ ಬಿಟ್ಟು ಉಳಿದುಕೊಂಡೆ. ನೀರು ತುಂಬಿಸಿ, ಬಾಗಿಲಿನಿಂದ ಬಚ್ಚಲವರೆಗೆ ಒರೆಸಿದೆ. ಅವರು ಕೂತ ಜಾಗದ ಸುತ್ತ ಒರೆಸುವಾಗ ಕಾಲನ್ನೂ ಸರಿಸಲಿಲ್ಲ.

ಆಮೇಲೆ ಅವರು ಮನೆಯ ಕೆಲಸವನ್ನೇ ಬಿಟ್ಟರು. ಮಗಳು ಮೆಲಾಕಾಗೆ ಕರೆದಳು, ಈಗ ಬೇಡವೆಂದರು. ಶನಿವಾರ ಹೋಗಿ ನೋಡಿದರೆ ನಿಂತುಹೋದ ಯಂತ್ರದ ಮೇಲೆ ಬೆರಳಿನಲ್ಲಿ ಗೀಚಬಹುದಾದಷ್ಟು ಧೂಳು.

"ಮೌಶಿ, ಒರೆಸ್ಲಾ?"

"ಯಾರ ಸಲುವಾಗಿ ಒರಸ್ತಿ? ಈಗ ಕೆಮ್ಮೂರು ಯಾರೂ ಇಲ್ಲ."

ಅರಿವೆ ತೋಯಿಸಿಕೊಂಡು ಬಂದು ಒರೆಸಿದೆ. ಮುಂದಿನ ಶನಿವಾರವೂ ಹೋದೆ, ಅದರ ಮುಂದಿನದಕ್ಕೂ. ಅವರು ಕಾಕಾರ ಕುರ್ಚಿಯ ಪಕ್ಕ ಕೂತೇ ಇರುತ್ತಿದ್ದರು. ಇನ್ನೊಬ್ಬರು ಕೂತಿರುವ ಮನೆಯಲ್ಲಿ ಕೆಲಸ ಮಾಡುವುದೇ ನನಗೊಂದು ಆಸರೆಯಾಗಿತ್ತು. ಹೀಗೇ ಒಂದು ಶನಿವಾರ ನೆಲ ಒರೆಸಿ ಮುಗಿಸಿ, ಮರೆತದ್ದು ನೆನಪಾಗಿ ಸ್ಟೂಲು ಹತ್ತಿ ಫ್ಯಾನಿಗೆ ಕೈ ಹಾಕಿದೆ. ಧೂಳು ಉದುರಿತು.

"ಏ ತಮ್ಮಾ! ಮ್ಯಾಲಿಂದ ಕೆಳಗ ಬಾ ಅಂತ ಎಷ್ಟ ಸಲ ಹೇಳೇನಿ ನಿನಗ?"

ಎದ್ದೇ ಬಂದಿದ್ದರು. ನನ್ನನ್ನು ಸ್ಟೂಲಿನಿಂದ ಇಳಿಸಿ, ಒಳಗಿನಿಂದ ದಿಂಬಿನ ಚೀಲ ತಂದು, ತಾವೇ ಹತ್ತಿ ಒಂದು ರೆಕ್ಕೆ ಒರೆಸಿದರು. ಎರಡನೆಯದಕ್ಕೆ ಕೈ ಎತ್ತಿದವರು ಹಾಗೇ ಇಳಿದು, ಸ್ಟೂಲಿನ ಮೇಲೇ ಕೂತು, ಚೀಲದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ಅತ್ತು ಮುಗಿದ ಮೇಲೆ ಮುಖವೆಲ್ಲ ಧೂಳಾಗಿತ್ತು. ಉಳಿದ ರೆಕ್ಕೆಗಳನ್ನು ಇಬ್ಬರೂ ಸೇರಿ ಮುಗಿಸಿ, ನೆಲವನ್ನು ಮತ್ತೆ ಒರೆಸಿದೆವು. ಅಂದು ಅವರು ನನಗೆ ಊಟಕ್ಕೆ ಹಾಕಿದರು.

ಕೆಲವು ತಿಂಗಳ ನಂತರ ಮೌಶಿ ಮೆಲಾಕಾಗೆ ಹೋದರು. ಮಗಳು ಪ್ರೀತಿಯಿಂದಲೇ ನೋಡಿಕೊಂಡಳು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. "ಇಲ್ಲಿ ಒಂದು ದುಂಡಂದು ಮಷೀನ್ ಐತೋ. ನಾಯಿಮರಿ ಹಂಗ ಮನೀ ತುಂಬ ಅಡ್ಡಾಡಿ ತಾನ ಕಸ ತಿಂತೈತಿ. ಅದು ಬಂದಾಗ ಕಾಲು ಎತ್ತಿ ಕೂಡೂದು, ಅದ ನನ್ನ ಕೆಲಸ ಈಗ." ನಗುತ್ತಲೇ ಹೇಳುತ್ತಿದ್ದರು. ನನ್ನ ಮನೆಯ ಬಗ್ಗೆ ಕೇಳುತ್ತಿದ್ದರು, ಊಟವಾಯಿತಾ ಎನ್ನುತ್ತಿದ್ದರು.

ಈ ವರ್ಷ ಒಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು. ಸ್ನಾನ ಮಾಡಿ ಬಂದು ಕೂದಲು ಒಣಗಿಸಿಕೊಳ್ಳುತ್ತ ಕೂತವರು ಹಾಗೇ ಒರಗಿದ್ದರಂತೆ. ಮೊದಲ ಬಸ್ಸು ಹಿಡಿದು ಹೋದೆ. ಮುಖ ನೋಡಲು ಸಿಕ್ಕಿತು. ಮನೆ ತುಂಬ ಮಗಳ ಕಾಲೇಜಿನವರಿದ್ದರು. ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, "ತಾವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

"ಎದುರು ಮನೆಯವನು" ಎಂದೆ.

ಎಲ್ಲ ಮುಗಿದ ಮೇಲೆ ಬಸ್ ನಿಲ್ದಾಣಕ್ಕೆ ಬಂದು, ಬೆಂಗಳೂರಿಗೆ ಫೋನ್ ಮಾಡಿ ಮಗಳಿಗೆ ವಿಷಯ ತಿಳಿಸಿದೆ. ಅವಳು ಕೇಳಿದಳು:

"ಹಾಗಾದ್ರೆ ಇನ್ನು ಅಲ್ಲಿ ನೀನು ಯಾರ ಜೊತೆ ಮಾತಾಡ್ತೀಯಪ್ಪಾ?"

ಬಸ್ಸು ಬಂತು, ಇಡುತ್ತೇನೆ ಎಂದೆ. ಬಸ್ಸು ಬರಲು ಇನ್ನೂ ತುಂಬ ಹೊತ್ತಿತ್ತು.